ಬೇಸ್ ಇಲ್ಲದ ಆದರಣೆ ಕೂಟ

ನನ್ನ ಗಂಡ ಸತ್ತ ಮೇಲೆ ನನ್ನನ್ನು ಸಮಾಧಾನ ಮಾಡಲು ಬಂದವರಲ್ಲಿ ಒಬ್ಬರಿಗೂ ಆ ಕೆಲಸ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದು ಅವರಿಗೆ ಗೊತ್ತೂ ಇರಲಿಲ್ಲ. ಒಬ್ಬೊಬ್ಬರೂ ಮುಖವನ್ನು ಇಸ್ತ್ರಿ ಮಾಡಿಸಿಕೊಂಡವರಂತೆ ಬಂದು, ಕಲ್ಕತ್ತೆಯ ಜಾದವ್‌ಪುರದ ನಮ್ಮ ಬಾಡಿಗೆ ಮನೆಯ ಮಹಡಿ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ, ಬೆತ್ತದ ಕುರ್ಚಿಯಲ್ಲಿ ಕೂತು, ಮೊದಲು ಬೆವರು ಒರೆಸಿಕೊಂಡು, ಆಮೇಲೆ ನನಗೆ ಪರಲೋಕದ ವಿಚಾರ ತಿಳಿಸಿ, ಚಹಾ ಕುಡಿದು ಹೋಗುತ್ತಿದ್ದರು. ಚಹಾ ಮಾಡುತ್ತಿದ್ದವಳು ನಾನೇ.

ಅಲಿಪುರದ ಸರಕಾರಿ ಕ್ವಾರ್ಟರ್ಸಿನಿಂದ ರತ್ನಾವತಿ ಬಂದಳು. ನನ್ನ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು, "ದೇವರಿಗೆ ತನ್ನ ತೋಟಕ್ಕೆ ಒಂದು ಒಳ್ಳೆ ಹೂ ಬೇಕಿತ್ತು ಮಾರಾಯ್ತಿ. ಅದಕ್ಕೆ ಕೊಯ್ದುಕೊಂಡದ್ದು" ಎಂದಳು.

ನನ್ನ ಗಂಡ ಸುಗುಣಾಕರ ಜತ್ತನ್ನ ರೈಲ್ವೆಯ ಲೆಕ್ಕಪತ್ರ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ನಿವೃತ್ತಿ ಹತ್ತಿರ ಬಂದಿತ್ತು. ತಲೆಯಲ್ಲಿ ಕೂದಲಿರಲಿಲ್ಲ, ಹೊಟ್ಟೆ ಬೆಲ್ಟಿನ ಮೇಲೆ ಕೂತಿತ್ತು, ಮೂಲವ್ಯಾಧಿ ಇತ್ತು, ಗೊರಕೆ ಹೊಡೆದರೆ ಕೆಳಗಿನ ಮನೆಯ ನಾಯಿ ಎದ್ದು ಬೊಗಳುತ್ತಿತ್ತು. ಇಂಥ ಹೂವನ್ನು ಕೊಯ್ಯುವ ಗತಿ ದೇವರಿಗೆ ಬಂದಿದ್ದರೆ ಆ ತೋಟದ ಸ್ಥಿತಿ ಏನೆಂದು ಯಾರಾದರೂ ಊಹಿಸಬಹುದು. ನಾನು ಹಾಗೆಂದೇ ಹೇಳಿದೆ. ರತ್ನಾವತಿ ನನ್ನ ಕೈ ಬಿಟ್ಟು ಚಹಾದ ಕಪ್ಪು ಹಿಡಿದುಕೊಂಡಳು.

ಅವರು ಸತ್ತದ್ದು ಮೀನು ಮಾರ್ಕೆಟ್ಟಿನಲ್ಲಿ. ಪಾರ್ಶೆ ಮೀನು ಆರಿಸುತ್ತ, ಇದು ನಿನ್ನೆಯದು ಎಂದು ಜಗಳ ಮಾಡುತ್ತ, ಹಾಗೇ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತರಂತೆ. ಮೀನಿನವನು ತಕ್ಕಡಿ ಇಳಿಸಿ ನೋಡುವಷ್ಟರಲ್ಲಿ ಮುಗಿದಿತ್ತು. ಅದಕ್ಕೆ ನಮ್ಮವರು "ಕರ್ತನಲ್ಲಿ ನಿದ್ರೆ ಹೋದರು" ಎನ್ನುತ್ತಾರೆ. ನಿದ್ರೆ ಹೋಗಿದ್ದರೆ ಗೊರಕೆ ಕೇಳಿಸಬೇಕಿತ್ತು. ಅವರ ನಿದ್ರೆ ಎಂಥದ್ದೆಂದು ಇವರೆಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು.

ಮಣ್ಣು ಮಾಡುವ ದಿನ ಬಂದ್ ಇತ್ತು. ಕೆಂಪು ಬಾವುಟದ ಸರಕಾರ ಬಂದು ಹತ್ತು ವರ್ಷ ದಾಟಿದ್ದರೂ ಅದೇ ಬಾವುಟದವರು ಬಂದ್ ಮಾಡುವುದನ್ನು ಬಿಟ್ಟಿರಲಿಲ್ಲ. ಈ ಸಲ ದಿಲ್ಲಿಯ ಮೇಲೆ ಸಿಟ್ಟು. ಶವದ ವ್ಯಾನಿನ ಚಾಲಕ ಕಲ್ಲು ಬೀಳುತ್ತದೆಂದು ಹೆದರಿ ಬರಲೊಲ್ಲೆ ಎಂದ. ಕೊನೆಗೆ ನಮ್ಮ ಪಾಡಾದ, ಅಂದರೆ ನಮ್ಮ ಕೇರಿಯ, ಪಕ್ಷದ ಮುಖಂಡ ಬಿಶು ಹಾಲ್ದಾರ್ ವ್ಯಾನಿನ ಮುಂದೆ ಒಂದು ಕೆಂಪು ಬಾವುಟ ಕಟ್ಟಿಸಿ, ತಾನೇ ಚಾಲಕನ ಪಕ್ಕ ಹತ್ತಿ ಕೂತ. ಹೀಗೆ ನನ್ನ ಗಂಡ, ಜೀವನದಲ್ಲಿ ಒಂದು ದಿನವೂ ಮೆರವಣಿಗೆಗೆ ಹೋಗದವರು, ಕ್ರಾಂತಿಕಾರಿಯಂತೆ ಸ್ಮಶಾನಕ್ಕೆ ಹೋದರು. ದಾರಿಯಲ್ಲಿ ಬಿಶು ಹಿಂದೆ ತಿರುಗಿ, "ಬೌದಿ, ಮಾನುಷ್ ಮರೇ, ಆದರ್ಶ್ ಮರೇ ನಾ" ಎಂದ. ಅತ್ತಿಗೆ, ಮನುಷ್ಯ ಸಾಯುತ್ತಾನೆ, ಆದರ್ಶ ಸಾಯುವುದಿಲ್ಲವಂತೆ. ಇವರ ಆದರ್ಶ ಒಳ್ಳೆ ಮೀನು ತಿನ್ನುವುದೊಂದೇ ಆಗಿತ್ತಪ್ಪಾ ಎಂದು ಬಂಗಾಳಿಯಲ್ಲಿ ಹೇಳಲು ನನಗೆ ಆಗ ಬಾಯಿ ಬರಲಿಲ್ಲ. ಒಂದು ಮಾತು ಮಾತ್ರ ಒಪ್ಪಬೇಕು. ಪರಲೋಕ ಇಲ್ಲ ಎನ್ನುವ ಬಿಶುವೂ ಇದೆ ಎನ್ನುವ ನಮ್ಮವರೂ ದನಿಯನ್ನು ಒಂದೇ ಮಟ್ಟಕ್ಕೆ ಇಳಿಸಿ ಮಾತಾಡುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂದು ತಿಳಿಯುವುದಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಉಡುಪಿ ಹೋಟೆಲು ಇಟ್ಟಿದ್ದ ಅಶ್ವತ್ಥನಾರಾಯಣರಾಯರು ಒಬ್ಬರೇ ಯಾವ ಲೋಕದ ಸುದ್ದಿಯನ್ನೂ ಎತ್ತಲಿಲ್ಲ. ಮಧ್ಯಾಹ್ನ ಬಂದು ಟಿಫಿನ್ ಕ್ಯಾರಿಯರ್ ಇಟ್ಟು, "ಬಿಸಿ ಉಂಟು, ಊಟ ಮಾಡಿ" ಎಂದು ಹೋಗುತ್ತಿದ್ದರು. ಸಾರಿಗೆ ಬೆಲ್ಲ ಜಾಸ್ತಿ. ಆದರೂ ಅವರನ್ನು ಬೈಯುವುದಿಲ್ಲ.

ನಾನು ನಂಬದವಳೆಂದು ಯಾರೂ ತಿಳಿಯಬೇಡಿ. ಸತ್ತವರು ಎದ್ದುಬರುತ್ತಾರೆಂದು ಚಿಕ್ಕಂದಿನಿಂದ ಕಲಿತಿದ್ದೇನೆ. ಮಲ್ಪೆಯಲ್ಲಿ ಸಮುದ್ರ ಇದೆ ಎಂಬುದು ಹೇಗೆ ಗೊತ್ತೋ ಹಾಗೆಯೇ ಇದೂ ಗೊತ್ತು. ಆದರೆ ಮಲ್ಪೆಯಲ್ಲಿ ಸಮುದ್ರ ಇದ್ದು ನನಗೇನು ಬಂತು, ನಾನಿರುವುದು ಜಾದವ್‌ಪುರದಲ್ಲಿ. ಬಂದವರೆಲ್ಲ "ನಿರೀಕ್ಷೆ ಉಂಟಲ್ಲ, ನಿರೀಕ್ಷೆ ಉಂಟಲ್ಲ" ಎನ್ನುತ್ತಿದ್ದರು. ಕೀಲಿಕೈ ಕಳಕೊಂಡವಳಿಗೆ ಮನೆಗೆ ಬಾಗಿಲು ಉಂಟಲ್ಲ ಎಂದ ಹಾಗೆ.

ಇವರಲ್ಲೆಲ್ಲ ದೊಡ್ಡ ಸಮಾಧಾನಗಾರ ಎಂದರೆ ಶ್ಯಾಮಸುಂದರ ಕರ್ಕಡರು. ಕಸ್ಬಾದಲ್ಲಿ ಮನೆ, ವಿಮಾ ಕಚೇರಿಯಿಂದ ನಿವೃತ್ತರು, ನಮ್ಮ ಕನ್ನಡ ಪ್ರಾರ್ಥನಾ ಕೂಟದ ಹಿರಿಯರು. ಈ ಊರಿನಲ್ಲಿ ಚರ್ಚುಗಳಿಗೆ ಬರವಿಲ್ಲ, ಆದರೆ ಎಲ್ಲ ಬಂಗಾಳಿ, ಇಲ್ಲವೇ ಇಂಗ್ಲಿಷ್. ಆದ್ದರಿಂದ ಕರಾವಳಿಯಿಂದ ಬಂದ ನಾವು ಕೆಲವು ಮನೆಗಳವರು ತಿಂಗಳಿಗೊಂದು ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಹೆಚ್ಚಾಗಿ ನಮ್ಮಲ್ಲೇ, ನಮ್ಮ ಚಾವಡಿ ದೊಡ್ಡದೆಂದು. ಯಾರಾದರೂ ಸತ್ತರೆ ಆ ತಿಂಗಳ ಕೂಟವನ್ನು ಸತ್ತವರ ಮನೆಯಲ್ಲಿ ಆದರಣೆ ಕೂಟವೆಂದು ಮಾಡುವುದು ರೂಢಿ. ಅಲ್ಲಿ ಕರ್ಕಡರ ಭಾಷಣ ಇರುತ್ತಿತ್ತು. ಬಾಳೆಂಬುದು ರೈಲು ಪ್ರಯಾಣ, ಕೆಲವರು ಮೊದಲಿನ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಕೆಲವರು ಮುಂದಿನದರಲ್ಲಿ, ಕೊನೆಗೆ ಎಲ್ಲರೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಕೂಡುತ್ತೇವೆ, ಹೀಗೆ. ಒಬ್ಬ ದಂತವೈದ್ಯ ಸತ್ತಾಗಲೂ ಇದೇ ರೈಲು. ಹಾಸಿಗೆಯಿಂದಲೇ ಏಳದಿದ್ದ ಒಬ್ಬ ಮುದುಕಿ ಸತ್ತಾಗಲೂ ಇದೇ ರೈಲು. ಮೊದಲಿನ ಸ್ಟೇಷನ್ನಿನಲ್ಲಿ ಇಳಿದವನು ಕೊನೆಯ ಪ್ಲಾಟ್‌ಫಾರ್ಮಿಗೆ ಹೇಗೆ ಬಂದ ಎಂದು ರೈಲ್ವೆಯಲ್ಲೇ ಇದ್ದ ನನ್ನ ಗಂಡ ಸಹ ಒಂದು ದಿನವೂ ಕೇಳಲಿಲ್ಲ. "ಪಾಪ, ಹೇಳಲಿ ಬಿಡು" ಎನ್ನುತ್ತಿದ್ದರು. ಅವರಿಬ್ಬರೂ ದೋಸ್ತಿಗಳು.

ಕೂಟದಲ್ಲಿ ಮುಖ್ಯವಾದದ್ದು ಹಾಡು. ಜರ್ಮನಿಯ ಪಾದ್ರಿಗಳು ನಮ್ಮ ಅಜ್ಜಂದಿರಿಗೆ ಹೆಂಚು ಸುಡುವುದು, ಬಟ್ಟೆ ನೇಯುವುದು, ನಾಲ್ಕು ಸ್ವರಗಳಲ್ಲಿ ಹಾಡುವುದು ಕಲಿಸಿ ಹೋದರು. ಹೆಂಚು ಹೋಯಿತು, ಬಟ್ಟೆ ಹೋಯಿತು, ನಾಲ್ಕು ಸ್ವರ ಮಾತ್ರ ನಮ್ಮನ್ನು ಬಿಡಲಿಲ್ಲ. ಹೆಂಗಸರಲ್ಲಿ ಮೇಲಿನ ಸ್ವರ ಸೊಪ್ರಾನೊ, ಅದರ ಕೆಳಗೆ ಆಲ್ಟೊ. ಗಂಡಸರಲ್ಲಿ ಟೆನರ್, ಎಲ್ಲಕ್ಕಿಂತ ಕೆಳಗೆ ಬೇಸ್. ನಾಲ್ಕು ಜನ ಕೂಡಿದರೆ ನಾಲ್ಕು ದಾರಿ ಹಿಡಿದು ಹಾಡಿ ಒಂದೇ ಕಡೆ ಬಂದು ಸೇರುತ್ತಾರೆ. ಕರ್ಕಡರು ನಡುವೆ ನಿಂತು ಕೈಯಾಡಿಸಿ ಹಾಡಿಸುವವರು, ಜೊತೆಗೆ ಟೆನರ್. ಅವರ ಹೆಂಡತಿ ಪ್ರಫುಲ್ಲಾ ಸೊಪ್ರಾನೊ. ರತ್ನಾವತಿಯೂ ನನ್ನ ಮಗಳು ಇಂದುಮತಿಯೂ ಆಲ್ಟೊ. ಬೇಸ್ ಈ ಇಡೀ ಕಲ್ಕತ್ತೆಯ ಕನ್ನಡದ ಕೂಟಕ್ಕೆ ಒಬ್ಬರೇ, ನನ್ನ ಗಂಡ. ನನಗೆ ಸ್ವರವಿಲ್ಲ. ನಾನು ಚಹಾ.

ಬೇಸ್ ಒಂದನ್ನೇ ಕೇಳಿದರೆ ಅದು ಹಾಡೇ ಅಲ್ಲ. ಮದುವೆಯಾದ ಹೊಸತರಲ್ಲಿ ಅವರು ಗಡ್ಡ ಹೆರೆಯುತ್ತ ಅಭ್ಯಾಸ ಮಾಡುತ್ತಿದ್ದಾಗ, ಒಂದೇ ಸ್ವರವನ್ನು ಹತ್ತು ಸಲ ಎಳೆದು, ಒಮ್ಮೆ ಕೆಳಗೆ ಇಳಿದು, ಮತ್ತೆ ಅದೇ ಸ್ವರಕ್ಕೆ ಬಂದು ನಿಲ್ಲುತ್ತಿದ್ದರೆ, ಇವರಿಗೆ ಹಾಡಲು ಬರುವುದಿಲ್ಲ, ಪಾಪ, ಯಾರೂ ಹೇಳಿಲ್ಲ ಎಂದೇ ನಾನು ತಿಳಿದಿದ್ದೆ. ಕೂಟದಲ್ಲಿ ಉಳಿದ ಮೂವರು ಸೇರಿದಾಗಲೇ ಗೊತ್ತಾದದ್ದು, ಆ ಮೂವರೂ ನಿಂತಿರುವುದು ಇವರ ಮೇಲೆ ಎಂದು. ಚಾವಡಿಯ ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು ನಿಂತು ಹಾಡುತ್ತಿದ್ದರು. ಕೆಳಗಿನ ಸ್ವರಕ್ಕೆ ಹೋದಾಗ ಬೀರು ಗುಂಯ್ ಎನ್ನುತ್ತಿತ್ತು. ಒಳಗೆ ನನ್ನ ಗಾಜಿನ ಬಳೆಗಳು ಅಲುಗುತ್ತಿದ್ದವು.

ಆದರಣೆ ಕೂಟದಲ್ಲಿ ತಪ್ಪದೆ ಹಾಡುವ, ಉಳಿದ ತಿಂಗಳು ನಮ್ಮ ಚಾವಡಿಯಲ್ಲಿ ಅಭ್ಯಾಸಕ್ಕೆಂದು ಹಾಡುವ ಹಾಡು ಒಂದಿದೆ. ಹಳೆಯ ಪಾದ್ರಿಗಳ ಕನ್ನಡ, ಅರ್ಧ ಅರ್ಥವಾಗುವುದಿಲ್ಲ. ಅದರ ಪ್ರತಿ ಚರಣದ ಕೊನೆಗೆ ಬರುವ ಪಲ್ಲವಿಯಲ್ಲಿ ಒಂದು ಕಡೆ ಉಳಿದ ಮೂರು ಸ್ವರಗಳೂ ನಿಂತುಬಿಡುತ್ತವೆ. ಬೇಸ್ ಒಂದೇ "ಮರಳಿ ಕಾಣುವೆವು" ಎಂದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಬಾವಿಗೆ ಕೊಡ ಇಳಿಸಿದ ಹಾಗೆ. ಕೊಡ ನೀರು ಮುಟ್ಟಿತು ಎನ್ನುವಾಗ ಪ್ರಫುಲ್ಲಾ ಮೇಲಿನಿಂದ ಹಿಡಿಯಬೇಕು, ಆಮೇಲೆ ಎಲ್ಲರೂ. ಹೀಗೆ ನನ್ನ ಗಂಡ ಎಷ್ಟೋ ಮನೆಗಳ ಬೀರು, ಗೋಡೆ, ಕಿಟಕಿಗಳಿಗೆ ಒರಗಿ ನಿಂತು ಊರಿನ ವಿಧವೆಯರಿಗೆಲ್ಲ ಮರಳಿ ಕಾಣುವೆವು ಎಂದು ಹೇಳಿಬಂದವರು. ಮನೆಗೆ ಬಂದು ಅಂಗಿ ಬಿಚ್ಚಿ, "ಕಾಫಿ ಉಂಟಾ?" ಎನ್ನುತ್ತಿದ್ದರು.

ಅವರಿಗಾಗಿ ನಡೆಯಬೇಕಿದ್ದ ಆದರಣೆ ಕೂಟದ ಹಿಂದಿನ ದಿನ ಬೆಳಿಗ್ಗೆ ಕರ್ಕಡರು ಪ್ರಫುಲ್ಲಾಳನ್ನು ಕರೆದುಕೊಂಡು ಬಂದರು. ಏನೇನು ಓದುವುದು, ಯಾರು ಪ್ರಾರ್ಥಿಸುವುದು, ಎಲ್ಲ ಅವರೇ ತೀರ್ಮಾನಿಸಿಕೊಂಡು ಬಂದಿದ್ದರು. ಸತ್ತದ್ದು ನನ್ನ ಗಂಡನಾದರೂ ಏರ್ಪಾಡು ಅವರದು. ನಾನು ಎಲ್ಲದಕ್ಕೂ ಆಗಲಿ ಎಂದೆ. ಆ ಹಾಡಿನ ಮಾತು ಬಂದಾಗ ಮಾತ್ರ ತಡೆದೆ.

"ಶ್ಯಾಮಣ್ಣ, ಹಾಡಿ. ಆದರೆ ಅವರ ಸಾಲು ಬಿಡಿ."

"ಎಂತ ಬಿಡುದು?"

"ಅವರು ಒಬ್ಬರೇ ಹಾಡುವ ಸಾಲು. ಅದನ್ನು ಯಾರೂ ಹಾಡುದು ಬೇಡ. ಅಲ್ಲಿ ಸುಮ್ಮನೆ ನಿಂತು, ಮತ್ತೆ ಮುಂದೆ ಹೋಗಿ."

ಕರ್ಕಡರು ಪ್ರಫುಲ್ಲಾಳ ಮುಖ ನೋಡಿದರು. ವಿಧವೆಯರ ತಲೆ ಸರಿಯಿರುವುದಿಲ್ಲ ಎಂದು ಗಂಡ ಹೆಂಡತಿ ಬಾಯಿ ಬಿಡದೆ ಹೇಳಿಕೊಳ್ಳುವ ನೋಟ ಅದು. ನನಗೆ ಅದು ಅಷ್ಟು ಹೊತ್ತಿಗೆ ಚೆನ್ನಾಗಿ ಪರಿಚಯವಾಗಿತ್ತು.

"ಹಾಗೆ ಆಗುದಿಲ್ಲ ವನಮಾಲಾ" ಎಂದರು. ದನಿ ಆಗಲೇ ಪ್ಲಾಟ್‌ಫಾರ್ಮಿಗೆ ಬಂದಿತ್ತು. "ಹಾಡು ನಡುವೆ ನಿಂತರೆ ಕೇಳಿದವರು ಎಂತ ಹೇಳ್ತಾರೆ? ಜತ್ತನ್ನರ ಒಟ್ಟಿಗೆ ನಮ್ಮ ನಿರೀಕ್ಷೆಯೂ ಹೋಯ್ತು ಅಂತ ಆಗ್ತದೆ. ಅದೂ ಯಾವ ಮಾತಲ್ಲಿ ನಿಲ್ಲುದು ನೋಡಿ. ಮರಳಿ ಕಾಣುವೆವು ಅನ್ನುವ ಮಾತನ್ನೇ ಬಿಟ್ಟರೆ ನಾವು ಬೇರೆ ಎಂತ ಹೇಳ್ಲಿಕ್ಕೆ ಬರುದು?"

"ಬೇರೆ ಎಂತದೂ ಹೇಳುದು ಬೇಡ. ಚಹಾ ಕುಡಿದು ಹೋಗಿ."

"ಅಮ್ಮ!" ಎಂದಳು ಇಂದುಮತಿ.

"ಯಾರು ಹಾಡುದು ಮತ್ತೆ ಅದನ್ನು?" ಎಂದು ಕೇಳಿದೆ.

"ನಾನೇ" ಎಂದರು ಕರ್ಕಡರು. "ಸುಗುಣನ ಜಾಗವನ್ನು ಖಾಲಿ ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ."

ಕರ್ಕಡರ ಟೆನರ್ ಒಂದು ಮಟ್ಟಿಗೆ ಪರವಾಗಿಲ್ಲ. ಕೆಳಗೆ ಇಳಿದರೆ ಖಾಲಿ ಸೀಮೆಎಣ್ಣೆ ಡಬ್ಬವನ್ನು ನೆಲದ ಮೇಲೆ ಎಳೆದ ಸದ್ದು. ಅಂಥ ಸ್ವರದಲ್ಲಿ ಈ ಮನುಷ್ಯ, ನನ್ನ ಗಂಡ ನಿಲ್ಲುವಲ್ಲಿ ನಿಂತು, ನನಗೆ ಮರಳಿ ಕಾಣುವೆ ಎನ್ನುವುದು! ಇವರನ್ನು ಮರಳಿ ಕಾಣಲು ನಾನೇನು ಹಂಬಲಿಸಿ ಕೂತಿದ್ದೆನೇ? ತಿಂಗಳಿಗೊಮ್ಮೆ ಕಾಣುವುದೇ ಹೆಚ್ಚಾಗಿತ್ತು.

ನಾನು ಕೇಳಿದ್ದು ಬಹಳ ಸಣ್ಣದು. ಅವರ ಕೋಟು, ಪ್ಯಾಂಟುಗಳನ್ನು ಕೊಟ್ಟಾಗಿತ್ತು. ಕಚೇರಿಯ ಕುರ್ಚಿಗೆ ಬೇರೊಬ್ಬರು ಬಂದಾಗಿತ್ತು. ಹಾಸಿಗೆಯಲ್ಲಿ ಅವರ ಬದಿಗೆ, ನನಗೆ ಭಯವಾದೀತೆಂದು, ಮಗಳು ಮಲಗುತ್ತಿದ್ದಳು. ಬಾತ್‌ರೂಮಿನ ಮೊಳೆಗೆ ಈಗ ಅವಳ ಟವೆಲು. ಒಳ್ಳೆಯ ಜನ ಎಲ್ಲರೂ, ಒಳ್ಳೆಯ ಮನಸ್ಸಿನಿಂದಲೇ, ಅವರಿದ್ದ ಜಾಗಗಳನ್ನೆಲ್ಲ ಒಂದೊಂದಾಗಿ ತುಂಬಿಬಿಟ್ಟಿದ್ದರು. ಇನ್ನೂ ಯಾರೂ ತುಂಬದಿದ್ದದ್ದು ಆ ಒಂದು ಸಾಲು. ಅದೂ ಹೋದರೆ ಅವರು ಎಲ್ಲಿಯೂ ಇರುವುದಿಲ್ಲ ಎಂದು ನನಗೆ ಹೆದರಿಕೆ ಹುಟ್ಟಿತ್ತು. ಇದನ್ನು ಕರ್ಕಡರ ಮುಂದೆ ಬಿಡಿಸಿ ಹೇಳಿದ್ದರೆ ಅದಕ್ಕೂ ಒಂದು ರೈಲು ತಂದು ನಿಲ್ಲಿಸುತ್ತಿದ್ದರು. ಹಾಗಾಗಿ ಹೇಳಲಿಲ್ಲ.

ಅವರು ಹೋದ ಮೇಲೆ ಇಂದುಮತಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಆಡುವಾಗ ಊರಿನ ಬಸ್ಸಿನಂತೆ ಎಲ್ಲ ಭಾಷೆಗಳನ್ನೂ ಹತ್ತಿಸಿಕೊಂಡು ಹೋಗುತ್ತಾಳೆ.

"ಅಮ್ಮ, ಲೆಟ್ ದೆಮ್ ಸಿಂಗ್ ನಾ. ಒಂದು ಲೈನ್‌ಗೆ ಇತನಾ ಜಗಡಾ ಯಾಕೆ?"

"ನಿನ್ನ ಪಪ್ಪನ ಲೈನು ಅದು."

"ಪಪ್ಪ ಇದ್ದಿದ್ರೆ ಅವರೇ ಹೇಳ್ತಿದ್ರು, ಹಾಡ್ಲಿ ಬಿಡು ಅಂತ. ಯು ನೋ ದಟ್."

ನನಗೆ ಸಿಟ್ಟು ಬಂದದ್ದು ಅವಳು ಹೇಳಿದ್ದು ನಿಜವಾದ್ದರಿಂದ. ಪಾಪ, ಹಾಡಲಿ ಬಿಡು ಎಂದೇ ಅನ್ನುತ್ತಿದ್ದರು. ಅವರ ಈ ಗುಣದಿಂದಲೇ ಮೂಢರೆಲ್ಲ ನಮ್ಮ ಮನೆಯಲ್ಲಿ ಸಲಿಗೆಯಿಂದ ಓಡಾಡುತ್ತಿದ್ದದ್ದು.

ಮರುದಿನ ಸಂಜೆ ಎಲ್ಲರೂ ಬಂದು ಸೇರುತ್ತಿದ್ದ ಹಾಗೆ ನಾನು ಕರ್ಕಡರಿಗೆ ಹೇಳಿದೆ. "ಹಾಡಿ ನೀವು. ಆ ಸಾಲು ಬರುವಾಗ ನಾನು ಅಡುಗೆಮನೆಯಲ್ಲಿ ಇರ್ತೇನೆ."

"ದೇವರು ನಿಮ್ಮ ಮನಸ್ಸು ಮೆತ್ತಗೆ ಮಾಡ್ಲಿ ವನಮಾಲಾ."

"ಅದಕ್ಕೂ ಮೊದಲು ನಿಮ್ಮ ಗಂಟಲು ಮೆತ್ತಗೆ ಮಾಡ್ಲಿ" ಎಂದೆ. ಅವರು ನಕ್ಕರು. ದುಃಖದಲ್ಲಿದ್ದವರು ಏನು ಬೈದರೂ ಸಹಿಸಬೇಕೆಂದು ಅವರು ಎಲ್ಲೋ ಓದಿಕೊಂಡಿದ್ದರು.

ಚಾವಡಿ ತುಂಬಿತು. ಬೆತ್ತದ ಕುರ್ಚಿಗಳು, ಕೆಳಗಿನ ಮನೆಯವರಿಂದ ತಂದ ಬೆಂಚು, ನೆಲದ ಮೇಲೆ ಚಾಪೆ. ಜಾಗ ಸಾಲದೆ ಕೆಲವರು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತರು. ಆದರೂ ಬೀರುವಿನ ಮುಂದಿನ ಜಾಗದಲ್ಲಿ ಯಾರೂ ಕೂರಲಿಲ್ಲ. ಯಾರೂ ಕೂರಬೇಡಿ ಎಂದು ನಾನು ಹೇಳಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ಆದರೆ ಅಂದು ನನಗೆ ಯಾರ ಬಗ್ಗೆಯೂ ಒಳ್ಳೆಯದನ್ನು ಯೋಚಿಸುವ ಮನಸ್ಸಿರಲಿಲ್ಲ. ಕೊಳೆಯಾಗಿರಬೇಕು ಎಂದುಕೊಂಡೆ.

ಪ್ರಾರ್ಥನೆಗಳಾದವು. ರತ್ನಾವತಿ ತೋಟದ ಹೂವನ್ನು ಮತ್ತೆ ತಂದಳು, ಈ ಸಲ ದೇವರಿಗೇ ನೇರವಾಗಿ ಹೇಳಿದಳು. ಆಮೇಲೆ ರೈಲು. ಸತ್ತವರು ರೈಲ್ವೆಯವರೇ ಆದ್ದರಿಂದ ಕರ್ಕಡರಿಗೆ ವಿಶೇಷ ಉತ್ಸಾಹ. ಹಸಿರು ಬಾವುಟ, ಸಿಗ್ನಲ್ಲು, ಕಾಯ್ದಿರಿಸಿದ ಬರ್ತು, ಹಿಂದೆ ಯಾವ ಹೆಣಕ್ಕೂ ಸಿಗದಿದ್ದ ಸವಲತ್ತುಗಳೆಲ್ಲ ನನ್ನ ಗಂಡನಿಗೆ ಸಿಕ್ಕವು. ಲೆಕ್ಕಪತ್ರದ ಮನುಷ್ಯ, ಜೀವನದಲ್ಲಿ ಸಿಗ್ನಲ್ಲಿನ ಕಂಬ ಮುಟ್ಟಿದವರಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ. ಪಕ್ಕದವರು ಅಳುತ್ತಿದ್ದಾಳೆ ಎಂದು ನನ್ನ ಬೆನ್ನು ಸವರಿದರು.

ಕರ್ಕಡರು ಜೇಬಿನಿಂದ ಪುಟ್ಟ ಪೀಪಿ ತೆಗೆದು ಊದಿ ಶ್ರುತಿ ಕೊಟ್ಟರು. ಎಲ್ಲರೂ ಎದ್ದು ನಿಂತರು. ನಾನೂ ಎದ್ದು ನೇರವಾಗಿ ಅಡುಗೆಮನೆಗೆ ನಡೆದೆ.

ಚಹಾದ ನೀರು ಸ್ಟೋವಿನ ಮೇಲಿತ್ತು. ಬಾಗಿಲಿನಿಂದ ಅರ್ಧ ಚಾವಡಿ ಕಾಣಿಸುತ್ತಿತ್ತು. ಬೀರು, ಕಿಟಕಿ, ಒಂದು ಬದಿಯಿಂದ ಕರ್ಕಡರು. ಹಾಡು ಶುರುವಾಯಿತು. ಕೇಳಲಾರದ ಹಾಗಿತ್ತು. ಮೂರು ಸ್ವರ ಗಾಳಿಯಲ್ಲಿ ಒಂದಕ್ಕೊಂದು ಆತುಕೊಂಡು ತೂರಾಡುತ್ತಿದ್ದವು, ಕೆಳಗೆ ನೆಲವೇ ಇಲ್ಲ. ಇಷ್ಟಾದರೂ ಇವರಿಗೆ ಗೊತ್ತಾಗುವುದಿಲ್ಲವೇ, ಬೇಸ್ ಇಲ್ಲದೆ ಹಾಡಿದರೆ ಎಂಥ ಅವಸ್ಥೆ ಎಂದು ನಾನು ಹಲ್ಲು ಕಚ್ಚಿದೆ. ಚರಣ ಮುಗಿದು ಪಲ್ಲವಿ ಬಂತು. ಕರ್ಕಡರು ಗಂಟಲು ಸರಿಮಾಡಿಕೊಂಡದ್ದು ಕಾಣಿಸಿತು. ನಾನು ಬೇಕೆಂದೇ ಕಪ್ಪುಗಳನ್ನು ಸದ್ದು ಮಾಡಿ ಜೋಡಿಸತೊಡಗಿದೆ.

ಆ ಸಾಲು ಬಂತು. ಮೂರೂ ಸ್ವರ ನಿಂತವು.

ಕರ್ಕಡರ ಎಡಗೈ ಮೇಲೆದ್ದಿತು. ಅಂಗೈ ಬಿಚ್ಚಿ ಬೀರುವಿನ ಕಡೆ ಚಾಚಿತು.

ಎಷ್ಟೋ ವರ್ಷ, ಪ್ರತಿ ಕೂಟದಲ್ಲಿ, ಸರಿಯಾಗಿ ಆ ಜಾಗ ಬಂದಾಗ ಆ ಕೈ ಹಾಗೆಯೇ ಎದ್ದು, ಹಾಗೆಯೇ ಬೀರುವಿನತ್ತ ತಿರುಗಿ, ಈಗ ನಿನ್ನದು ಎಂದು ನನ್ನ ಗಂಡನಿಗೆ ಬಿಟ್ಟುಕೊಡುತ್ತಿತ್ತು. ಇಂದು ತಾನೇ ಹಾಡುತ್ತೇನೆಂದು ಹಟ ಹಿಡಿದಿದ್ದ ಮನುಷ್ಯ. ನಿನ್ನೆಯಿಂದ ಅಭ್ಯಾಸ ಮಾಡಿಕೊಂಡೂ ಬಂದಿದ್ದರಂತೆ, ಆಮೇಲೆ ಪ್ರಫುಲ್ಲಾ ಹೇಳಿದಳು. ಆದರೆ ಕೈಗೆ ಅದು ಯಾವುದೂ ಗೊತ್ತಿರಲಿಲ್ಲ. ಕೈ ತೋರಿಸಿತು. ಬಾಯಿ ಮುಚ್ಚಿಯೇ ಇತ್ತು. ದೋಸ್ತಿ ಹಾಡಲು ಶುರು ಮಾಡುವುದನ್ನು ಕಾಯುವಾಗ ಮುಚ್ಚಿರುತ್ತಿದ್ದ ಹಾಗೆ.

ಕೈ ಹೋದ ಕಡೆಗೆ ಎಲ್ಲರ ತಲೆ ತಿರುಗಿತು. ರತ್ನಾವತಿಯದು, ಪ್ರಫುಲ್ಲಾಳದು, ಮೆಟ್ಟಿಲಲ್ಲಿದ್ದವರದು. ಇಂದುಮತಿ ಬಾಯಿ ಅರ್ಧ ತೆರೆದು ಬೀರುವನ್ನು ನೋಡುತ್ತಿದ್ದಳು. ಸ್ಟೇಷನ್ನಿನಲ್ಲಿ ಲೋಕಲ್ ಟ್ರೇನು ಬಂದು ನಿಂತ ಸದ್ದು ಕೇಳಿಸಿತು. ಕೆಳಗೆ ಯಾವುದೋ ರಿಕ್ಷಾದವನು ಹಾರ್ನು ಒತ್ತಿದ. ಬೀರು ಗುಂಯ್ ಎನ್ನಲಿಲ್ಲ. ಬಳೆಗಳು ಅಲುಗಲಿಲ್ಲ.

ನನ್ನ ಕೈಯಲ್ಲಿ ಕಪ್ಪು ಹಾಗೇ ಇತ್ತು. ನಾನು ಉಸಿರು ಹಿಡಿದು ನಿಂತಿದ್ದೇನೆ ಎಂಬುದು ಆಗ ಗೊತ್ತಾಯಿತು. ಅದು ದುಃಖಕ್ಕಲ್ಲ. ಅವರು ಶುರು ಮಾಡುತ್ತಾರೆ ಎಂದು. ಮಣ್ಣು ಹಾಕಿ ಬಂದವಳು ನಾನು, ಅವರ ಷರಟಿನಲ್ಲಿದ್ದ ಮೀನಿನ ವಾಸನೆ ತೊಳೆದವಳು ನಾನು. ಎಲ್ಲ ಗೊತ್ತಿದ್ದೂ ನನ್ನ ಕಿವಿ ಆ ಮೂಲೆಗೆ ಹೋಗಿ ಕೂತು, ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಿತ್ತು. ಇಷ್ಟು ದಿನ ಇವರೆಲ್ಲ ಬಂದು ನಿರೀಕ್ಷೆ ನಿರೀಕ್ಷೆ ಎಂದು ನನ್ನ ತಲೆ ತಿಂದರಲ್ಲ, ನಿರೀಕ್ಷೆ ಎಂದರೆ ಈ ಕಾಯುವುದೇ ಎಂದು ಒಬ್ಬರಾದರೂ ಹೇಳಿದ್ದರೇ? ಅವರಿಗೂ ಗೊತ್ತಿರಲಿಲ್ಲ. ಹೂವಂತೆ, ರೈಲಂತೆ. ಇದು ಸಮಾಧಾನವೇ ಅಲ್ಲ. ಕರುಳು ಹಿಂಡುವ ವಸ್ತು ಇದು. ಆದರೆ ಇದು ನನ್ನಲ್ಲಿ ಇತ್ತು, ಆ ಚಾವಡಿಯಲ್ಲಿದ್ದ ಪ್ರತಿಯೊಬ್ಬ ಮೂಢನಲ್ಲೂ ಇತ್ತು. ಎಲ್ಲರಿಗಿಂತ ಹೆಚ್ಚು ಆ ಮೂಢನ ಎಡಗೈಯಲ್ಲಿತ್ತು.

ಕರ್ಕಡರು ಆ ಕೈಯನ್ನು ಬೇರೆ ಯಾರದೋ ಕೈಯಂತೆ ನೋಡಿದರು. ಇಳಿಸಲಿಲ್ಲ. ಪ್ರಫುಲ್ಲಾ ಮುಂದೆ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಕೊಡ ನೀರು ಮುಟ್ಟದೆ ಅವಳು ಹೇಗೆ ಹಿಡಿಯುತ್ತಾಳೆ? ಹಾಡು ಅಲ್ಲೇ ನಿಂತುಹೋಯಿತು.

"ತಪ್ಪಾಯ್ತು" ಎಂದರು ಕರ್ಕಡರು. ಆ ಭಾಷಣದ ದನಿ ಎಲ್ಲಿ ಹೋಯಿತೋ, ಮಕ್ಕಳು ಶಾಲೆಯಲ್ಲಿ ಹೇಳುವ ಹಾಗೆ ಹೇಳಿದರು. "ನಾನು ಹಾಡ್ಬೇಕಿತ್ತು. ಕೈ... ಸುಗುಣ ಅಲ್ಲಿದ್ದಾನೆ ಅಂತ... ತಪ್ಪಾಯ್ತು. ಪುನಃ ಹಾಡುವ. ಈ ಸಲ ನಾನು ಸರಿಯಾಗಿ ಹಾಡ್ತೇನೆ."

ಕನ್ನಡಕ ತೆಗೆದು ಮೂಗು ಒರೆಸಿಕೊಂಡರು. ಆ ಮುಖ ಇಸ್ತ್ರಿ ಬಿಚ್ಚಿಹೋಗಿ, ಯಾವ ಆಕಾರವೂ ಇಲ್ಲದೆ, ನನ್ನ ಮುಖದ ಹಾಗೆಯೇ ಇತ್ತು. ಇಂದುಮತಿ ರತ್ನಾವತಿಯ ಹೆಗಲಿಗೆ ತಲೆಯಿಟ್ಟು ಸದ್ದು ಮಾಡಿ ಅಳುತ್ತಿದ್ದಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ರತ್ನಾವತಿ ಈ ಸಲ ತೋಟ ಬಿಟ್ಟು ಅವಳ ತಲೆ ಸವರಿದಳು.

ನಾನು ಕಪ್ಪನ್ನು ಹಿಡಿದುಕೊಂಡೇ ಚಾವಡಿಗೆ ಬಂದೆ.

"ನೀವು ಹಾಡುದು ಬೇಡ ಶ್ಯಾಮಣ್ಣ" ಎಂದೆ. "ನಿಮಗೆ ಅದು ಬರುದಿಲ್ಲ. ಸುರುವಿಂದ ಹಾಡಿ. ಆ ಸಾಲು ಬರುವಾಗ ಈಗ ತೋರಿಸಿದ ಹಾಗೇ ಕೈ ತೋರಿಸಿ. ಬೀರುವಿನ ಕಡೆಗೇ. ಇನ್ನು ಮುಂದೆ ಯಾವಾಗ ಹಾಡಿದರೂ ಹಾಗೇ."

ಕರ್ಕಡರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಏನೋ ಒಂದು ಒಳ್ಳೆಯ ಮಾತು ಹೇಳಲು ಬಾಯಿ ತೆರೆದರು. ನಾನು ಬೇಡ ಎಂದು ತಲೆಯಾಡಿಸಿದೆ. ಅವರು ಬಾಯಿ ಮುಚ್ಚಿಕೊಂಡರು. ಆ ಮನುಷ್ಯ ನನಗೆ ಮಾಡಿದ ಎರಡನೆಯ ಉಪಕಾರ ಅದು.

ಪ್ರಫುಲ್ಲಾಳಿಗೆ ಮಾತ್ರ ಗಾಬರಿ. ಅವಳು ಹಾಡಿನ ವಿಷಯದಲ್ಲಿ ಕಟ್ಟುನಿಟ್ಟು.

"ಮತ್ತೆ ನಾನು ಯಾವಾಗ ಹಿಡಿಯುದು ವನಮಾಲಕ್ಕ? ಎಷ್ಟು ಹೊತ್ತು ಅಂತ ಕಾಯುದು?"

"ಅವರ ಸಾಲು ಮುಗಿಯುವಷ್ಟು" ಎಂದೆ.

ಕರ್ಕಡರು ಪೀಪಿ ಊದಿ ಪುನಃ ಶ್ರುತಿ ಕೊಟ್ಟರು. ಚಹಾದ ನೀರು ಕುದಿದು ಉಕ್ಕುವ ಸದ್ದು ಬರುತ್ತಿತ್ತು. ಈ ಸಲ ನಾನು ಅಡುಗೆಮನೆಗೆ ಹೋಗಲಿಲ್ಲ.